ಕೇಶಾಲಂಕಾರ ಉದ್ಯಮದಲ್ಲಿ ಸಲಹೆಯ ಬೆಲೆ

ಪಟ್ಟಣದ ಯಾವುದೇ ವ್ಯಾಪಾರ ಬೀದಿಯಲ್ಲಿ ಕನಿಷ್ಠ ಒಂದಾದರೂ ಹೇರ್ ಕಟಿಂಗ್ ಸಲೂನು ಅಥವಾ ಬ್ಯೂಟಿ ಪಾರ್ಲರ್ ಕಾಣಸಿಗುತ್ತದೆ. ಪರಂಪರಾಗತವಾಗಿ ಸವಿತಾ ಸಮಾಜದವರ ಕುಲಕಸುಬಾಗಿದ್ದ ಈ ವೃತ್ತಿ ಇಂದು ಮಹಿಳೆಯರ ಸ್ವಯಂ ಉದ್ಯೋಗದ ಒಂದು ಮುಖ್ಯ ಮಾರ್ಗವೂ ಹೌದು, ದೊಡ್ಡ ಕಂಪನಿಗಳು ಸರಣಿ ಮಳಿಗೆಗಳನ್ನು ತೆರೆಯುವ ಕ್ಷೇತ್ರವೂ ಹೌದು. ಎಣ್ಣೆ, ಶಾಂಪೂ, ಕೇಶವರ್ಣ, ಬಾಚಣಿಗೆ, ಕತ್ತರಿ, ಕುರ್ಚಿ, ಕನ್ನಡಿ ಮೊದಲಾದ ಸರಕುಗಳನ್ನು ತಯಾರಿಸುವವರು ಹಾಗೂ ಮಾರುವವರು ಅನೇಕರು ಈ ಅಂಗಡಿಗಳನ್ನೇ ನೆಚ್ಚಿಕೊಂಡಿದ್ದಾರೆ. ಆದರೂ ಈ ಉದ್ಯಮದ ಆರ್ಥಿಕ ಸ್ವರೂಪವನ್ನು ಕುರಿತ ಚರ್ಚೆ ವಾಣಿಜ್ಯ ವಲಯದಲ್ಲಿ ಅಷ್ಟಾಗಿ ನಡೆದಿಲ್ಲ.

ಕೇಶವಿನ್ಯಾಸಕಾರನು ಗ್ರಾಹಕನಿಗೆ ಎರಡು ವಸ್ತುಗಳನ್ನು ಕೊಡುತ್ತಾನೆ. ಒಂದು, ಕೈಯ ಕೆಲಸ; ಇದಕ್ಕೆ ದರಪಟ್ಟಿ ಗೋಡೆಯ ಮೇಲಿರುತ್ತದೆ. ಎರಡು, ಸಲಹೆ, ಇದಕ್ಕೆ ದರವೂ ಇಲ್ಲ, ರಸೀದಿಯೂ ಇಲ್ಲ. ಯಾವ ಎಣ್ಣೆ ಹಚ್ಚಬೇಕು, ಬಣ್ಣ ಹಾಕಿಸಬಹುದೇ, ಕೂದಲು ಉದುರುವುದಕ್ಕೆ ಏನು ಮಾಡಬೇಕು ಎಂಬ ಪ್ರಶ್ನೆಗಳನ್ನು ಗ್ರಾಹಕರು ವೈದ್ಯರಿಗಿಂತ ಮೊದಲು ಕೇಳುವುದು ಕತ್ತರಿ ಹಿಡಿದವರನ್ನೇ. ಆ ಉತ್ತರದ ಮೇಲೆ ಗ್ರಾಹಕನ ಆರೋಗ್ಯ, ಅಂಗಡಿಯ ಹೆಸರು ಹಾಗೂ ತಯಾರಕನ ಮಾರಾಟ ಈ ಮೂರೂ ನಿಂತಿವೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ತೆರಿಗೆ ಬದಲಾವಣೆಯು ಈ ಸಲಹೆಗೆ ಲೆಕ್ಕಪುಸ್ತಕದಲ್ಲಿಯೂ ಬೆಲೆ ಬರುವಂತೆ ಮಾಡಿದೆ. ಆದ್ದರಿಂದ ಸರಿಯಾದ ಸಲಹೆ ಎಂದರೆ ಯಾವುದು, ಅದರಿಂದ ವ್ಯಾಪಾರಕ್ಕೆ ಏನು ಲಾಭ ಎಂಬುದನ್ನು ಒಟ್ಟಿಗೆ ನೋಡುವುದು ಸೂಕ್ತ.

ಕೂದಲಿನ ಸ್ವಭಾವ

ಸಲಹೆಯ ಸತ್ಯಾಸತ್ಯತೆಯನ್ನು ಅಳೆಯಲು ಕೂದಲಿನ ರಚನೆಯ ಅಲ್ಪ ತಿಳಿವಳಿಕೆ ಅಗತ್ಯ. ಚರ್ಮದಿಂದ ಹೊರಗೆ ಕಾಣುವ ಕೂದಲು ನಿರ್ಜೀವ ವಸ್ತು. ಅದು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದುದು. ಹೊರಭಾಗದಲ್ಲಿ ಹೆಂಚುಗಳಂತೆ ಒಂದರ ಮೇಲೊಂದು ಹೊದಿಸಿದ ತೆಳುವಾದ ಪೊರೆಗಳಿವೆ. ಒಳಭಾಗದಲ್ಲಿ ಬಲ ಮತ್ತು ಬಣ್ಣ ಎರಡನ್ನೂ ಕೊಡುವ ತಿರುಳಿದೆ. ಜೀವವಿರುವುದು ಚರ್ಮದ ಒಳಗಿನ ಬುಡದಲ್ಲಿ ಮಾತ್ರ. ಆದ್ದರಿಂದ ಹೊರಗಿನ ಕೂದಲಿಗೆ ‘ಪೋಷಣೆ’ ನೀಡುವುದಾಗಿ ಹೇಳುವ ಸರಕು ವಾಸ್ತವವಾಗಿ ಅದನ್ನು ನುಣುಪು ಮಾಡುತ್ತದೆ, ಸವೆತವನ್ನು ಕಡಿಮೆ ಮಾಡುತ್ತದೆ, ಜೀವ ತುಂಬುವುದಿಲ್ಲ. ಒಮ್ಮೆ ಸೀಳಿದ ತುದಿಯನ್ನು ಶಾಶ್ವತವಾಗಿ ಕೂಡಿಸುವ ಕ್ರೀಮು ಇಲ್ಲ, ಕತ್ತರಿಸುವುದೊಂದೇ ಪರಿಹಾರ.

ಮನುಷ್ಯನ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತವೆ. ಪ್ರತಿಯೊಂದು ಕೂದಲೂ ಕೆಲವು ವರ್ಷ ಬೆಳೆದು, ಕೆಲವು ತಿಂಗಳು ವಿಶ್ರಾಂತಿ ಪಡೆದು, ಉದುರಿ, ಅದೇ ಸ್ಥಳದಲ್ಲಿ ಹೊಸದು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ತೀವ್ರ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ ಇವುಗಳ ನಂತರ ಎರಡು ಮೂರು ತಿಂಗಳಿಗೆ ಕೂದಲು ಹೆಚ್ಚಾಗಿ ಉದುರಿ, ಬಹುಪಾಲು ಸಂದರ್ಭಗಳಲ್ಲಿ ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಈ ಅವಧಿಯಲ್ಲಿ ಮಾರಿದ ಯಾವ ಎಣ್ಣೆಯೂ ಯಶಸ್ಸಿನ ಕೀರ್ತಿಯನ್ನು ಪಡೆಯುತ್ತದೆ! ಅನುಭವಿ ಕೇಶವಿನ್ಯಾಸಕಾರರು ಇಂತಹ ಗ್ರಾಹಕರಿಗೆ “ಮೂರು ತಿಂಗಳ ಹಿಂದೆ ಜ್ವರ ಬಂದಿತ್ತೇ?” ಎಂದು ಮೊದಲು ಕೇಳುತ್ತಾರೆ.

ಕೂದಲನ್ನು ಪದೇ ಪದೇ ಕತ್ತರಿಸಿದರೆ ಬೇಗ ಬೆಳೆಯುತ್ತದೆ, ಬೋಳಿಸಿದರೆ ದಟ್ಟವಾಗುತ್ತದೆ ಎಂಬ ನಂಬಿಕೆಗಳಿಗೂ ಆಧಾರವಿಲ್ಲ. ಬುಡಕ್ಕೆ ಕತ್ತರಿಯ ಸುದ್ದಿ ತಲುಪುವುದಿಲ್ಲ. ಬಿಗಿಯಾದ ಜಡೆ, ಎಳೆದು ಕಟ್ಟಿದ ತುರುಬು ಇವುಗಳಿಂದ ಮಾತ್ರ ಬುಡಕ್ಕೆ ನಿಜವಾದ ಹಾನಿಯುಂಟು. ವರ್ಷಾನುಗಟ್ಟಲೆ ಹೀಗೆ ಕಟ್ಟಿದವರಲ್ಲಿ ಹಣೆಯ ಅಂಚಿನ ಕೂದಲು ಹಿಂದೆ ಸರಿಯುತ್ತದೆ. ಮೊದಲೇ ಎಚ್ಚರಿಸಿದರೆ ತಡೆಯಬಹುದು, ತಡವಾದರೆ ಮರಳಿ ಬಾರದು.

ಎಣ್ಣೆ, ಸೀಗೆಕಾಯಿ, ಶಾಂಪೂ

ತಲೆಗೆ ತೆಂಗಿನೆಣ್ಣೆ ಹಚ್ಚುವ ರೂಢಿಗೆ ವೈಜ್ಞಾನಿಕ ಬೆಂಬಲ ಸ್ವಲ್ಪಮಟ್ಟಿಗೆ ದೊರೆತಿದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಹಾಗೂ ಖನಿಜ ತೈಲಗಳನ್ನು ಹೋಲಿಸಿದಾಗ, ತೊಳೆಯುವಾಗ ಕೂದಲಿನಿಂದ ಪ್ರೋಟೀನು ನಷ್ಟವಾಗುವುದನ್ನು ತೆಂಗಿನೆಣ್ಣೆಯೊಂದೇ ಗಮನಾರ್ಹವಾಗಿ ಕಡಿಮೆ ಮಾಡಿತು. ಅದರಲ್ಲಿರುವ ಲಾರಿಕ್ ಆಮ್ಲದ ಚಿಕ್ಕ, ನೇರವಾದ ಅಣುಗಳು ಕೂದಲಿನ ಒಳಗೆ ಇಳಿಯಬಲ್ಲವು ಎಂಬುದು ಅದಕ್ಕೆ ನೀಡಿದ ಕಾರಣ. ಅಧ್ಯಯನ ನಡೆಸಿದವರು ತೆಂಗಿನೆಣ್ಣೆ ಮಾರುವ ಮ್ಯಾರಿಕೊ ಕಂಪನಿಯ ಸಂಶೋಧಕರೇ ಎಂಬುದನ್ನೂ ಓದುಗರು ಗಮನದಲ್ಲಿಡಬೇಕು. ಇದರಿಂದ ಹೊರಡುವ ಸಲಹೆ ಸರಳ: ಸ್ನಾನಕ್ಕೆ ಕೆಲವು ಗಂಟೆ ಮೊದಲು ಸ್ವಲ್ಪವೇ ಎಣ್ಣೆ ಹಚ್ಚಿ, ನಂತರ ತೊಳೆಯುವುದು ಉತ್ತಮ. ಹೆಚ್ಚು ಎಣ್ಣೆ ಹಾಕಿದರೆ ಅದನ್ನು ತೆಗೆಯಲು ಹೆಚ್ಚು ಶಾಂಪೂ ಬೇಕಾಗಿ, ಬಂದ ಲಾಭ ಅಲ್ಲಿಯೇ ಖರ್ಚಾಗುತ್ತದೆ.

ತಲೆಹೊಟ್ಟಿಗೆ ಎಣ್ಣೆ ಮದ್ದಲ್ಲ. ಚರ್ಮದ ಜಿಡ್ಡನ್ನು ತಿಂದು ಬದುಕುವ ಮಲಸೀಜಿಯಾ ಎಂಬ ಶಿಲೀಂಧ್ರಕ್ಕೂ ಹೊಟ್ಟಿಗೂ ಸಂಬಂಧವಿದೆ. ಇದಕ್ಕೆ ಕೀಟೊಕೊನಜೋಲ್ ಅಥವಾ ಸತುವಿನ ಪೈರಿಥಿಯೋನ್ ಇರುವ ಶಾಂಪೂವನ್ನು ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ಕ್ಷಣವೇ ತೊಳೆದು “ಈ ಶಾಂಪೂ ಕೆಲಸ ಮಾಡಲಿಲ್ಲ” ಎನ್ನುವವರೇ ಹೆಚ್ಚು. ಈ ಒಂದು ಮಾತನ್ನು ಹೇಳಿಕೊಡುವ ಅಂಗಡಿಯವನು ಅದೇ ಸೀಸೆಯಿಂದ ಬೇರೆ ಫಲವನ್ನು ಕೊಡಿಸಬಲ್ಲ.

ಗಡಸು ನೀರು ಕರ್ನಾಟಕದ ಅನೇಕ ಊರುಗಳ ಸಮಸ್ಯೆ. ಕೊಳವೆಬಾವಿಯ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಕರಗದ ಜಿಡ್ಡಾಗಿ ಕೂದಲಿಗೆ ಅಂಟಿಕೊಳ್ಳುತ್ತವೆ. ಮೇಲಾಗಿ ಸಾಬೂನು ಕ್ಷಾರೀಯವಾದ್ದರಿಂದ ಕೂದಲಿನ ಹೊರಪೊರೆ ಎದ್ದು ಒರಟಾಗುತ್ತದೆ. ಶಾಂಪೂವಿನ ಕೃತಕ ಮಾರ್ಜಕಗಳಿಗೆ ಈ ದೋಷವಿಲ್ಲ. ಸೀಗೆಕಾಯಿ ಹಾಗೂ ಅಂಟುವಾಳದಲ್ಲಿ ಸಪೋನಿನ್ ಎಂಬ ನೈಸರ್ಗಿಕ ನೊರೆಕಾರಕವಿದ್ದು, ಸಾಬೂನಿನಷ್ಟು ಕ್ಷಾರತೆ ಇಲ್ಲ. ಕಣ್ಣಿಗೆ ಬಿದ್ದರೆ ಉರಿಯುತ್ತದೆ ಎಂಬುದೊಂದು ಕೊರತೆ. ಒದ್ದೆಯಾದ ಕೂದಲು ಬಲಹೀನ. ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಆರಂಭಿಸಿ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಇವೆಲ್ಲ ಖರ್ಚಿಲ್ಲದ ಸಲಹೆಗಳು.

ಬಣ್ಣ ಹಚ್ಚುವ ಮುನ್ನ

ಅಂಗಡಿಯ ಆದಾಯದಲ್ಲಿ ಕೇಶವರ್ಣದ ಪಾಲು ದೊಡ್ಡದು; ಅಪಾಯದ ಪಾಲೂ ಅಷ್ಟೇ ದೊಡ್ಡದು. ಬಹುದಿನ ನಿಲ್ಲುವ ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿ ಪ್ಯಾರಾ-ಫಿನೈಲೀನ್‌ಡೈಅಮೀನ್, ಸಂಕ್ಷಿಪ್ತವಾಗಿ ಪಿ.ಪಿ.ಡಿ., ಎಂಬ ರಾಸಾಯನಿಕವಿರುತ್ತದೆ. ಅಮೋನಿಯಾ ಅಥವಾ ಅದರಂತಹ ಕ್ಷಾರ ಕೂದಲಿನ ಪೊರೆಯನ್ನು ಬಿಡಿಸುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಸೇರಿದಾಗ ಒಳಗೆ ಬಣ್ಣ ಮೂಡುತ್ತದೆ. ಕೆಲವರಿಗೆ ಪಿ.ಪಿ.ಡಿ. ಒಗ್ಗುವುದಿಲ್ಲ. ತಲೆ ಕಡಿತ, ಮುಖ ಹಾಗೂ ಕಣ್ಣುರೆಪ್ಪೆಗಳ ಬಾವು ಕಾಣಿಸಿಕೊಳ್ಳಬಹುದು. ಹಲವು ವರ್ಷ ಯಾವ ತೊಂದರೆಯೂ ಇಲ್ಲದೆ ಬಳಸಿದವರಿಗೂ ಒಂದು ದಿನ ಹಠಾತ್ತನೆ ಹೀಗಾಗಬಹುದು ಎಂಬುದೇ ಇಲ್ಲಿನ ಮುಖ್ಯ ಅಂಶ.

‘ಅಮೋನಿಯಾ ರಹಿತ’ ಎಂದ ಮಾತ್ರಕ್ಕೆ ‘ಪಿ.ಪಿ.ಡಿ. ರಹಿತ’ ಎಂದಾಗುವುದಿಲ್ಲ. ‘ಕಪ್ಪು ಮೆಹಂದಿ’ ಎಂಬ ಹೆಸರೂ ದಾರಿತಪ್ಪಿಸುವಂತಹುದು. ಮದರಂಗಿ ಸೊಪ್ಪಿನ ಸಹಜ ಬಣ್ಣ ಕೆಂಪುಮಿಶ್ರಿತ ಕಿತ್ತಳೆ. ನೀಲಿಗಿಡದ ಪುಡಿ ಸೇರಿಸಿದರೆ ಗಾಢವಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಕಡುಕಪ್ಪು ಬಣ್ಣ ಕೊಡುವ ಪುಡಿಯಲ್ಲಿ ಬಹುತೇಕ ಪಿ.ಪಿ.ಡಿ. ಬೆರೆತಿರುತ್ತದೆ. ‘ಸೊಪ್ಪಿನ ಪುಡಿ, ಏನೂ ಆಗದು’ ಎಂದು ಹೇಳಿ ಹಚ್ಚುವವರು ತಿಳಿಯದೆಯೇ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ.

ಭಾರತದ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಇಂತಹ ಬಣ್ಣಗಳ ಪೊಟ್ಟಣದ ಮೇಲೆ ಇಂಗ್ಲಿಷ್ ಹಾಗೂ ಸ್ಥಳೀಯ ಭಾಷೆಗಳಲ್ಲಿ ಎಚ್ಚರಿಕೆ ಇರತಕ್ಕದ್ದು. ಚರ್ಮ ಕೆರಳಬಹುದು, ಮೊದಲು ಪರೀಕ್ಷೆ ಮಾಡಬೇಕು, ಹುಬ್ಬು ಹಾಗೂ ಕಣ್ಣುರೆಪ್ಪೆಗಳಿಗೆ ಹಚ್ಚಿದರೆ ಕುರುಡಾಗುವ ಸಂಭವವಿದೆ ಎಂಬುದು ಅದರ ಸಾರ. ಪರೀಕ್ಷೆಯ ವಿಧಾನವನ್ನೂ ಪೊಟ್ಟಣದೊಡನೆ ಕೊಡಬೇಕು: ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಬಣ್ಣ ಹಚ್ಚಿ, ಒಣಗಲು ಬಿಟ್ಟು, 24 ಗಂಟೆಯ ನಂತರ ತೊಳೆದು ನೋಡಬೇಕು; ಪ್ರತಿಸಲ ಬಣ್ಣ ಹಚ್ಚುವ ಮುನ್ನವೂ ಇದನ್ನು ಮಾಡಬೇಕು. ಅಲರ್ಜಿ ತಡವಾಗಿ ಕಾಣಿಸಬಹುದಾದ್ದರಿಂದ 48 ಗಂಟೆ ಕಾಯುವುದು ಇನ್ನೂ ಕ್ಷೇಮ. “ಇಂದು ಪರೀಕ್ಷೆ, ನಾಡಿದ್ದು ಬಣ್ಣ” ಎಂದು ಹೇಳುವ ಅಂಗಡಿಯವನು ಅಂದಿನ ವ್ಯಾಪಾರವನ್ನು ಎರಡು ದಿನ ಮುಂದೂಡುತ್ತಾನೆ. ಆದರೆ ಗ್ರಾಹಕರು ಆ ನಡುವೆ ಬೇರೆ ಅಂಗಡಿಗೆ ಹೋಗುತ್ತಾರೆ ಎಂಬ ಭಯಕ್ಕಿಂತ, ಬಾವು ಬಂದ ಮುಖದೊಡನೆ ತನ್ನ ಅಂಗಡಿಗೇ ಮರಳುತ್ತಾರೆ ಎಂಬ ಭಯ ದೊಡ್ಡದಿರಬೇಕು.

ನೇರಗೊಳಿಸುವ ರಾಸಾಯನಿಕಗಳು

ಗುಂಗುರು ಕೂದಲನ್ನು ನೇರ ಮಾಡುವ ವಿಧಾನಗಳಲ್ಲಿ ಎರಡನ್ನು ಬೇರ್ಪಡಿಸಿ ನೋಡಬೇಕು. ‘ರೀಬಾಂಡಿಂಗ್’ನಲ್ಲಿ ಕೂದಲಿನ ಒಳಗಿನ ಗಂಧಕದ ಬಂಧಗಳನ್ನು ರಾಸಾಯನಿಕದಿಂದ ಬಿಡಿಸಿ, ಬಿಸಿ ಕಬ್ಬಿಣದಿಂದ ನೇರ ಮಾಡಿ, ಮತ್ತೆ ಬಂಧಿಸಲಾಗುತ್ತದೆ. ಹೊಸದಾಗಿ ಬೆಳೆಯುವ ಕೂದಲು ಮಾತ್ರ ಮೊದಲಿನಂತೆ ಗುಂಗುರಾಗಿಯೇ ಬರುತ್ತದೆ. ಇದನ್ನು ಮೊದಲೇ ತಿಳಿಸದಿದ್ದರೆ ಕೆಲವು ತಿಂಗಳ ನಂತರ ಜಗಳ ನಿಶ್ಚಿತ.

ಎರಡನೆಯದು ‘ಕೆರಾಟಿನ್ ಚಿಕಿತ್ಸೆ’ ಎಂಬ ಹೆಸರಿನದು. ಇವುಗಳಲ್ಲಿ ಹಲವು ಫಾರ್ಮಾಲ್ಡಿಹೈಡನ್ನು, ಅಥವಾ ಕಾಯಿಸಿದಾಗ ಅದನ್ನು ಬಿಡುಗಡೆ ಮಾಡುವ ಮೆಥಿಲೀನ್ ಗ್ಲೈಕಾಲ್‌ನಂತಹ ವಸ್ತುಗಳನ್ನು ಒಳಗೊಂಡಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವರ್ಗೀಕರಿಸಿದೆ. 2011ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯು ಸಲೂನು ನೌಕರರಿಗಾಗಿ ಎಚ್ಚರಿಕೆ ಹೊರಡಿಸಿತು. ‘ಫಾರ್ಮಾಲ್ಡಿಹೈಡ್ ರಹಿತ’ ಎಂದು ಬರೆದ ಸರಕುಗಳಿಂದಲೂ ಅದು ಗಾಳಿಗೆ ಸೇರುವುದನ್ನು ಅದರ ತನಿಖಾಧಿಕಾರಿಗಳು ಕಂಡಿದ್ದರು. ಬದಲಿಯಾಗಿ ಬಂದ ಗ್ಲೈಆಕ್ಸಿಲಿಕ್ ಆಮ್ಲವೂ ನಿರಪಾಯಕಾರಿಯಲ್ಲ. ಅದನ್ನು ಬಳಸಿ ಕೂದಲು ನೇರಮಾಡಿಸಿಕೊಂಡ ಮಹಿಳೆಯೊಬ್ಬರಲ್ಲಿ ಮೂತ್ರಪಿಂಡಕ್ಕೆ ಹಾನಿಯಾದುದನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ವರದಿ ಮಾಡಿದರು. ಗ್ರಾಹಕರು ಈ ಹೊಗೆಯನ್ನು ವರ್ಷಕ್ಕೆ ಒಂದೆರಡು ಸಲ ಸೇವಿಸಿದರೆ, ಕೆಲಸ ಮಾಡುವ ಹುಡುಗ ಹುಡುಗಿಯರು ಪ್ರತಿದಿನ ಸೇವಿಸುತ್ತಾರೆ. ಹವಾನಿಯಂತ್ರಣಕ್ಕಾಗಿ ಕಿಟಕಿಗಳನ್ನು ಮುಚ್ಚಿದ ಅಂಗಡಿಗಳಲ್ಲಿ ಹೊಗೆ ಹೊರಹೋಗಲು ಎಕ್ಸಾಸ್ಟ್ ಫ್ಯಾನ್ ಹಾಕಿಸುವುದು ಕಾರ್ಮಿಕರ ಹಿತದೃಷ್ಟಿಯಿಂದ ಅತ್ಯಾವಶ್ಯಕ.

ಚೀಟಿಯ ಮೇಲಿನ ಮಾತು

ಸಲಹೆ ಬಾಯಿಮಾತಿನಲ್ಲಿ ಇರುವವರೆಗೆ ಒಂದು ಬಗೆ; ಅದೇ ಮಾತು ಸೀಸೆಯ ಚೀಟಿಯ ಮೇಲೆ ಬಂದಾಗ ಕಾನೂನಿನ ಬಗೆಯೇ ಬೇರೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಸ್ವಚ್ಛಗೊಳಿಸುವ, ಅಂದಗೊಳಿಸುವ, ರೂಪ ಬದಲಿಸುವ ವಸ್ತು ಸೌಂದರ್ಯವರ್ಧಕ; ರೋಗವನ್ನು ಗುಣಪಡಿಸುವ ಅಥವಾ ತಡೆಗಟ್ಟುವ ಉದ್ದೇಶದ ವಸ್ತು ಔಷಧ. ‘ಕೂದಲು ನುಣುಪಾಗುತ್ತದೆ’ ಎಂಬುದಕ್ಕೂ ‘ಬೋಳುತಲೆಯಲ್ಲಿ ಕೂದಲು ಹುಟ್ಟುತ್ತದೆ’ ಎಂಬುದಕ್ಕೂ ಇರುವ ಅಂತರ ಇದೇ. ಬೋಳುತಲೆ, ಅಕಾಲಿಕ ನರೆ, ಹೊಸ ಕೂದಲು ಬೆಳೆಸುವುದು ಇವುಗಳನ್ನು ಗುಣಪಡಿಸುವುದಾಗಿ ಔಷಧಗಳು ಸಹ ಹೇಳಿಕೊಳ್ಳಬಾರದ ಪಟ್ಟಿಯೊಂದು ಔಷಧ ನಿಯಮಗಳಲ್ಲಿದೆ. ಅದು ‘ಜೆ’ ಅನುಸೂಚಿ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಪ್ರಾಧಿಕಾರವು 10 ಲಕ್ಷ ರೂಪಾಯಿಗಳವರೆಗೆ, ಪುನರಾವರ್ತನೆಯಾದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ತಯಾರಿಕೆಗೆ 2020ರ ಸೌಂದರ್ಯವರ್ಧಕ ನಿಯಮಗಳಡಿ ರಾಜ್ಯದ ಪರವಾನಗಿ ಬೇಕು. ಮನೆಯಲ್ಲಿ ಕಾಯಿಸಿದ ಎಣ್ಣೆಯನ್ನು ಸೀಸೆಗೆ ತುಂಬಿ ಪಾರ್ಲರಿನ ಕಪಾಟಿನಲ್ಲಿ ಮಾರಾಟಕ್ಕಿಡುವವರು ಈ ಅಂಶವನ್ನು ಮರೆಯುವುದುಂಟು.

ಚೀಟಿಯ ಮಹತ್ವಕ್ಕೆ ತೆಂಗಿನೆಣ್ಣೆಯ ಮೊಕದ್ದಮೆಗಿಂತ ಉತ್ತಮ ನಿದರ್ಶನವಿಲ್ಲ. ಸಣ್ಣ ಪೊಟ್ಟಣಗಳ ಶುದ್ಧ ತೆಂಗಿನೆಣ್ಣೆ ಅಡುಗೆ ಎಣ್ಣೆಯೋ ಕೇಶತೈಲವೋ ಎಂಬ ವಿವಾದ ಅಬಕಾರಿ ಸುಂಕದ ಕಾಲದಿಂದ ನಡೆದುಬಂದಿತ್ತು. 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. 2024ರ ಡಿಸೆಂಬರ್ 18ರಂದು ಮದನ್ ಆಗ್ರೊ ಇಂಡಸ್ಟ್ರೀಸ್ ಪ್ರಕರಣದಲ್ಲಿ ಮೂವರ ಪೀಠವು, ಪೊಟ್ಟಣ ಚಿಕ್ಕದೆಂಬ ಒಂದೇ ಕಾರಣಕ್ಕೆ ಅದು ಕೇಶತೈಲವಾಗದು. ಕೇಶತೈಲವೆಂದು ಗುರುತಿಸುವ ಚೀಟಿ ಅಥವಾ ಸೂಚನೆ ಇದ್ದರೆ ಮಾತ್ರ ಆ ವರ್ಗಕ್ಕೆ ಸೇರುತ್ತದೆ ಎಂದು ನಿರ್ಣಯಿಸಿತು. ಆಗ ಅಡುಗೆ ಎಣ್ಣೆಗೆ ಜಿ.ಎಸ್.ಟಿ. 5%, ಕೇಶತೈಲಕ್ಕೆ 18% ಇತ್ತು. 2025ರ ಸೆಪ್ಟೆಂಬರ್ 22ರಿಂದ ಕೇಶತೈಲಕ್ಕೂ 5% ಆದುದರಿಂದ ತೆರಿಗೆಯ ವ್ಯತ್ಯಾಸ ಅಳಿಯಿತು. ಆದರೆ ಒಂದು ಆಹಾರ ಸುರಕ್ಷತಾ ಕಾನೂನಿಗೆ, ಇನ್ನೊಂದು ಸೌಂದರ್ಯವರ್ಧಕ ಕಾನೂನಿಗೆ ಒಳಪಡುವುದು ಹಾಗೆಯೇ ಉಳಿದಿದೆ. ಕರಾವಳಿ ಹಾಗೂ ತುಮಕೂರು ಭಾಗದ ಗಾಣದವರು ಚೀಟಿ ಅಚ್ಚು ಹಾಕಿಸುವ ಮುನ್ನವೇ ಯಾವ ದಾರಿ ಎಂಬುದನ್ನು ನಿರ್ಧರಿಸಿಕೊಳ್ಳಬೇಕು.

ತೆರಿಗೆ ಬದಲಾವಣೆ ಮತ್ತು ಅಂಗಡಿಯ ಲೆಕ್ಕ

ಮೇಲೆ ಹೇಳಿದ ದಿನಾಂಕದಿಂದಲೇ ಸಲೂನು ಹಾಗೂ ಪಾರ್ಲರ್ ಸೇವೆಗಳ ಜಿ.ಎಸ್.ಟಿ. 18%ರಿಂದ 5%ಕ್ಕೆ ಇಳಿಯಿತು. ಆದರೆ ಇನ್‌ಪುಟ್ ತೆರಿಗೆ ಜಮೆ ಇಲ್ಲ. ಹಳೆಯ ದರದಲ್ಲಿ ಮುಂದುವರಿದು ಜಮೆ ಪಡೆಯುವ ಆಯ್ಕೆಯನ್ನೂ ನೀಡಲಾಗಿಲ್ಲ. ಶಾಂಪೂ ಮತ್ತು ಕೇಶತೈಲ 5%ಕ್ಕೆ ಬಂದರೂ ಕೇಶವರ್ಣ 18%ರಲ್ಲಿಯೇ ಉಳಿಯಿತು. ಇದರ ಪರಿಣಾಮವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು.

ನೋಂದಾಯಿತ ಸಲೂನೊಂದರ ತಿಂಗಳ ವಹಿವಾಟು, ತೆರಿಗೆ ಬಿಟ್ಟು, 3,00,000 ರೂಪಾಯಿ, ಬಾಡಿಗೆ 50,000, ಸಾಮಗ್ರಿ 60,000 ಎಂದಿಟ್ಟುಕೊಳ್ಳೋಣ. ಮೊದಲು ಗ್ರಾಹಕರು ತೆರಿಗೆ ಸೇರಿ 3,54,000 ಕೊಡುತ್ತಿದ್ದರು. ಬಾಡಿಗೆ ಹಾಗೂ ಸಾಮಗ್ರಿಯ ಮೇಲಿನ ತೆರಿಗೆಗೆ ಜಮೆ ಸಿಗುತ್ತಿದ್ದುದರಿಂದ, ಈ ಎರಡು ವೆಚ್ಚ ಕಳೆದು ಮಾಲೀಕನಿಗೆ 1,90,000 ಉಳಿಯುತ್ತಿತ್ತು. ಈಗ ಗ್ರಾಹಕರು 3,15,000 ಕೊಡುತ್ತಾರೆ. ಆದರೆ ಬಾಡಿಗೆಯ ಮೇಲಿನ ತೆರಿಗೆ 9,000. 20,000 ರೂಪಾಯಿಯ ಶಾಂಪೂ, ಎಣ್ಣೆಯ ಮೇಲೆ 1,000. 40,000 ರೂಪಾಯಿಯ ಬಣ್ಣ ಇತ್ಯಾದಿಗಳ ಮೇಲೆ 18%ರಂತೆ 7,200. ಒಟ್ಟು 17,200 ರೂಪಾಯಿ ಜಮೆಯಾಗದೆ ವೆಚ್ಚಕ್ಕೆ ಸೇರುತ್ತದೆ. ಮಾಲೀಕನಿಗೆ ಉಳಿಯುವುದು 1,72,800. ಮೊದಲಿನ ಉಳಿಕೆಯೇ ಬೇಕೆಂದರೆ ಮೂಲ ದರಗಳನ್ನು ಸರಾಸರಿ 5.7%ರಷ್ಟು ಏರಿಸಬೇಕು. ಆಗ ತೆರಿಗೆ ಸೇರಿ ಗ್ರಾಹಕರು ಕೊಡುವುದು 3,33,060; ಇದೂ ಹಳೆಯ 3,54,000ಕ್ಕಿಂತ ಸುಮಾರು 21,000 ಕಡಿಮೆ. ದರ ಇಳಿಸಿ ನಷ್ಟ ಅನುಭವಿಸುವುದೂ ಬೇಡ, ಇಳಿಸದೆ ಗ್ರಾಹಕರನ್ನು ಕಳೆದುಕೊಳ್ಳುವುದೂ ಬೇಡ; ಲೆಕ್ಕ ಹಾಕಿ ನಡುವಿನ ದರವನ್ನು ಕಂಡುಕೊಳ್ಳಬೇಕು.

ಇನ್ನೂ ಎರಡು ಅಂಶಗಳು ಗಮನಾರ್ಹ. ಒಂದು, 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದ ಮಾಲೀಕನಿಂದ ವಾಣಿಜ್ಯ ಕಟ್ಟಡ ಬಾಡಿಗೆಗೆ ಪಡೆದ ನೋಂದಾಯಿತ ವರ್ತಕನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ತಾನೇ 18% ತೆರಿಗೆ ಕಟ್ಟಬೇಕು. ಜಮೆ ಇಲ್ಲದ ಸಲೂನಿಗೆ ಇದು ನೇರ ವೆಚ್ಚ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ 2025ರ ಜನವರಿ 16ರಿಂದ ಇದರಿಂದ ವಿನಾಯಿತಿ ಇದೆ. ಎರಡು, 50 ಲಕ್ಷದವರೆಗಿನ ಸೇವಾದಾರರಿಗಿರುವ ರಾಜಿ ತೆರಿಗೆಯ ದರ 6%. ಅದನ್ನು ಗ್ರಾಹಕರಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. ಮೇಲಿನ ಉದಾಹರಣೆಯಲ್ಲಿ ಒಟ್ಟು ವಸೂಲಿ 3,33,060 ಎಂದಾದರೆ ರಾಜಿ ತೆರಿಗೆ 19,984. ಸಾಮಾನ್ಯ ಪದ್ಧತಿಯಲ್ಲಿ 15,860. ಕಟ್ಟಡದ ಮಾಲೀಕ ನೋಂದಾಯಿತನಾಗಿದ್ದು ಬಿಲ್ಲಿನಲ್ಲಿಯೇ ತೆರಿಗೆ ಹಾಕುತ್ತಿದ್ದರೆ ಸಾಮಾನ್ಯ ಪದ್ಧತಿ ತಿಂಗಳಿಗೆ 4,124 ರೂಪಾಯಿ ಅಗ್ಗ. ಮಾಲೀಕನಿಗೆ ನೋಂದಣಿಯಿಲ್ಲದಿದ್ದರೆ ರಿವರ್ಸ್ ಚಾರ್ಜಿನ 9,000 ಸೇರಿ ಲೆಕ್ಕ ತಿರುಗಿ, ರಾಜಿ ತೆರಿಗೆಯೇ 4,876 ರೂಪಾಯಿ ಅಗ್ಗವಾಗುತ್ತದೆ. ಅಂದರೆ ಸಲೂನು ಯಾವ ಪದ್ಧತಿ ಆರಿಸಿಕೊಳ್ಳಬೇಕೆಂಬುದನ್ನು ಕಟ್ಟಡದ ಮಾಲೀಕನ ನೋಂದಣಿ ನಿರ್ಧರಿಸಬಹುದು!

ನೋಂದಣಿಯ ಮಿತಿ ಸೇವಾದಾರರಿಗೆ ವರ್ಷಕ್ಕೆ 20 ಲಕ್ಷ, ಅಂದರೆ ದಿನಕ್ಕೆ ಸುಮಾರು 5,500 ರೂಪಾಯಿ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆಯು ಯು.ಪಿ.ಐ. ಜಮೆಗಳ ಆಧಾರದ ಮೇಲೆ ಸಣ್ಣ ವರ್ತಕರಿಗೆ ನೋಟೀಸು ನೀಡಿದುದು ಎಲ್ಲರಿಗೂ ನೆನಪಿರುವ ಸಂಗತಿ. ಎರಡು ಮೂರು ಕುರ್ಚಿಗಳ ಅಂಗಡಿಯವರೂ ತಮ್ಮ ವಹಿವಾಟನ್ನು ತಿಂಗಳು ತಿಂಗಳು ಕೂಡಿಸಿ ನೋಡಿಕೊಳ್ಳುವುದು ಒಳಿತು. ಶಾಂಪೂ ಸೀಸೆಗಳನ್ನು ಮಾರಾಟವನ್ನೂ ಮಾಡುವ ನೋಂದಾಯಿತ ಅಂಗಡಿ, ಮಾರಾಟದ ದಾಸ್ತಾನನ್ನೂ ಕೆಲಸಕ್ಕೆ ಬಳಸುವ ದಾಸ್ತಾನನ್ನೂ ಬೇರೆ ಬೇರೆ ಬರೆದಿಡಬೇಕು. ಸಾಮಾನ್ಯ ಪದ್ಧತಿಯಲ್ಲಿ ಮೊದಲನೆಯದಕ್ಕೆ ಜಮೆ ಉಂಟು, ಎರಡನೆಯದಕ್ಕಿಲ್ಲ.

ಸಲಹೆಯನ್ನು ಬರೆದಿಡುವ ಪುಸ್ತಕ

ಈ ಎಲ್ಲ ಎಳೆಗಳು ಒಂದು ಸಾಧಾರಣ ಪುಸ್ತಕದಲ್ಲಿ ಕೂಡುತ್ತವೆ. ಪ್ರತಿ ಗ್ರಾಹಕರ ಹೆಸರಿಗೆ ಒಂದು ಪುಟ. ಬಂದ ದಿನಾಂಕ, ಮಾಡಿದ ಕೆಲಸ, ಬಳಸಿದ ಬಣ್ಣದ ಸಂಖ್ಯೆ ಮತ್ತು ತೂಕ, ಚರ್ಮ ಪರೀಕ್ಷೆಯ ದಿನ ಮತ್ತು ಫಲ, ಹೇಳಿದ ಸಲಹೆ. ಇದರಿಂದ ಮೂರು ಪ್ರಯೋಜನಗಳಿವೆ.

ಮೊದಲನೆಯದು ವೆಚ್ಚದ ಹಿಡಿತ. ಜಮೆ ಇದ್ದಾಗ 100 ರೂಪಾಯಿಯ ಬಣ್ಣ ಚೆಲ್ಲಿದರೆ ನಷ್ಟ 100, ಈಗ 118. ಹಿಂದಿನ ಸಲ 40 ಗ್ರಾಂ ಸಾಕಾಗಿತ್ತು ಎಂಬ ಟಿಪ್ಪಣಿ ಇದ್ದರೆ ಈ ಸಲ 60 ಗ್ರಾಂ ಕಲಸಿ ಚೆಲ್ಲುವ ಪ್ರಮೇಯವಿಲ್ಲ.

ಎರಡನೆಯದು ರಕ್ಷಣೆ. ದೆಹಲಿಯ ಹೋಟೆಲೊಂದರ ಸಲೂನಿನಲ್ಲಿ 2018ರಲ್ಲಿ ಹೇಳಿದುದಕ್ಕಿಂತ ಹೆಚ್ಚು ಕೂದಲು ಕತ್ತರಿಸಿದರೆಂಬ ದೂರಿನ ಮೇಲೆ ರಾಷ್ಟ್ರೀಯ ಗ್ರಾಹಕ ಆಯೋಗವು 2021ರಲ್ಲಿ 2 ಕೋಟಿ ರೂಪಾಯಿ ಪರಿಹಾರ ವಿಧಿಸಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಸೇವಾಲೋಪದ ನಿರ್ಣಯದಲ್ಲಿ ಕೈಹಾಕದೆ, ಪರಿಹಾರದ ಮೊತ್ತಕ್ಕೆ ಪುರಾವೆ ಬೇಕೆಂದು ಹೇಳಿ ಆ ಭಾಗವನ್ನು ಮರುಪರಿಶೀಲನೆಗೆ ಕಳುಹಿಸಿತು. ಕ್ಷೌರದ ಕುರ್ಚಿಯೂ ಗ್ರಾಹಕ ನ್ಯಾಯಾಲಯದ ವ್ಯಾಪ್ತಿಯಲ್ಲಿದೆ, ಎರಡೂ ಪಕ್ಷಗಳಿಗೆ ಮಾತಿಗಿಂತ ಬರಹ ಬೇಕು ಎಂಬುದು ಇದರ ಪಾಠ. ಎಷ್ಟು ಇಂಚು ಕತ್ತರಿಸಬೇಕೆಂದು ಕೇಳಿ ಬರೆದುಕೊಳ್ಳಲು ಅರ್ಧ ನಿಮಿಷ ಸಾಕು.

ಮೂರನೆಯದು ನಂಬಿಕೆ. ತಿಂಗಳಿಗೊಮ್ಮೆ 150 ರೂಪಾಯಿ ಕೊಟ್ಟು ಕ್ಷೌರ ಮಾಡಿಸಿಕೊಳ್ಳುವ ಗ್ರಾಹಕ ಹತ್ತು ವರ್ಷದಲ್ಲಿ ಅಂಗಡಿಗೆ ತರುವುದು 18,000 ರೂಪಾಯಿ. ಅವನಿಗೆ ಬೇಡದ 400 ರೂಪಾಯಿಯ ಎಣ್ಣೆ ಮಾರಿ ಬರುವ ಲಾಭ, 25%ರಂತೆ, 100 ರೂಪಾಯಿ. ಫಲ ಕಾಣದೆ ಅವನು ಮರಳದಿದ್ದರೆ ನೂರಕ್ಕಾಗಿ ಹದಿನೆಂಟು ಸಾವಿರ ಕಳೆದುಕೊಂಡಂತೆ. ತಲೆಯ ಹಿಂಭಾಗದಲ್ಲಿ ನಾಣ್ಯದಾಕಾರದ ಬೋಳು ಕಲೆಯನ್ನು ಗ್ರಾಹಕನಿಗಿಂತ ಮೊದಲು ಕಾಣುವವನು ಕೇಶವಿನ್ಯಾಸಕಾರನೇ. ಆಗ ಏನನ್ನೂ ಮಾರದೆ “ಚರ್ಮವೈದ್ಯರಿಗೆ ತೋರಿಸಿ” ಎಂದು ಹೇಳಿದ ಅಂಗಡಿಯನ್ನು ಆ ಕುಟುಂಬ ಮರೆಯುವುದಿಲ್ಲ.

ತಯಾರಕರು ಹಾಗೂ ಸಗಟು ವರ್ತಕರು ಸೀಸೆಗೊಂದರಂತೆ ಬಹುಮಾನ ಘೋಷಿಸುವುದರ ಬದಲು, ತಮ್ಮ ಸರಕನ್ನು ಯಾರಿಗೆ ಬಳಸಬೇಕು, ಯಾರಿಗೆ ಬಳಸಬಾರದು ಎಂಬುದನ್ನು ಕನ್ನಡದಲ್ಲಿ ಒಂದು ಪುಟದಷ್ಟು ಅಚ್ಚು ಹಾಕಿಸಿ ಅಂಗಡಿಗಳಿಗೆ ಕೊಟ್ಟರೆ ಹೆಚ್ಚು ಪ್ರಯೋಜನವಾದೀತು. ಬಳಸಬಾರದವರಿಗೆ ಹೋಗದ ಸೀಸೆ ದೂರಾಗಿ ಮರಳಿ ಬರುವುದಿಲ್ಲ. ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಸಲೂನು ಮಾಲೀಕರಿಗಾಗಿ ಚರ್ಮವೈದ್ಯರು ಮತ್ತು ತೆರಿಗೆ ಸಲಹೆಗಾರರು ಒಟ್ಟಿಗೆ ಮಾತನಾಡುವ ಅರ್ಧ ದಿನದ ಶಿಬಿರಗಳನ್ನು ಏರ್ಪಡಿಸಬಹುದು. ಹೊಸ ದರಪಟ್ಟಿ ಬರೆಯಿಸುವ ಮುನ್ನ ಪ್ರತಿ ಅಂಗಡಿಯವರೂ ಬಾಡಿಗೆ ಕರಾರು, ಸಾಮಗ್ರಿಯ ಬಿಲ್ಲುಗಳು ಹಾಗೂ ಕಳೆದ ಹನ್ನೆರಡು ತಿಂಗಳ ಬ್ಯಾಂಕ್ ಪುಸ್ತಕ ಈ ಮೂರನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುವುದು ಮೊದಲು ಆಗಬೇಕಾದ ಕೆಲಸ.